ಕಥೆಯಲ್ಲಿ ಬರುವ ಮಾತು ಹಾಸ್ಟೆಲ್‌ನಲ್ಲಿ ಯಾಕೆ ಬರಲ್ಲ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮೂರು ಗದಗ ಜಿಲ್ಲೆಯ ರೋಣದ ಹತ್ತಿರ. ಈ ವರ್ಷ ಧಾರವಾಡದಲ್ಲಿ ಬಿ.ಎ. ಸೇರಿದ್ದೇನೆ, ಹಾಸ್ಟೆಲ್‌ನಲ್ಲಿದ್ದೇನೆ. ಪಿಯುಸಿಯಿಂದ ಫ್ಯಾನ್ ಫಿಕ್ಷನ್ ಬರೆಯುತ್ತೇನೆ. ಅಂದರೆ ನನಗಿಷ್ಟವಾದ ಒಂದು ಪತ್ತೇದಾರಿ ಸರಣಿಯ ಪಾತ್ರಗಳನ್ನು ಇಟ್ಟುಕೊಂಡು ನನ್ನದೇ ಕಥೆ. ಬೇರೆ ಹೆಸರಿನಲ್ಲಿ ಹಾಕುತ್ತೇನೆ, ಕಾದು ಓದುವವರೂ ಇದ್ದಾರೆ. ಆದರೆ ಇಲ್ಲಿಗೆ ಬಂದು ಎರಡು ತಿಂಗಳಾದರೂ ಯಾರ ಜೊತೆಗೂ ಸರಿಯಾಗಿ ಮಾತಾಡಿಲ್ಲ. ಊಟಕ್ಕೂ ಎಲ್ಲರೂ ಎದ್ದ ಮೇಲೆ ಹೋಗುತ್ತೇನೆ. ಮೊನ್ನೆ ರೂಮ್‌ಮೇಟ್ ‘ರಾತ್ರಿಯೆಲ್ಲ ಯಾರಿಗೆ ಮೆಸೇಜ್ ಮಾಡ್ತೀ?’ ಅಂದಳು. ಬೆವತುಹೋದೆ, ಏನೂ ಹೇಳಲಿಲ್ಲ. ಬೇರೆಯವರ ಪಾತ್ರ ಕದ್ದು ಬರೆಯುವವಳು ಅಂತ ಗೊತ್ತಾದರೆ ನಗುತ್ತಾರೆ ಅಂತ ಭಯ. ಬರೆಯೋದು ಬಿಟ್ಟುಬಿಡಲಾ?

ಉತ್ತರ: ಬಿಡಬೇಡ ತಂಗಿ. ಕದ್ದೆ ಅನ್ನೋ ಮಾತನ್ನು ಮೊದಲು ತಲೆಯಿಂದ ತೆಗೆ. ನಿಮ್ಮ ಗದಗಿನ ವೀರನಾರಾಯಣ ಗುಡಿಯಲ್ಲಿ ಕೂತು ಭಾರತ ಬರೆದನಂತೆ ಅಂತ ಜನ ಇವತ್ತಿಗೂ ಹೇಳುವ ನಾರಣಪ್ಪ ಮಾಡಿದ್ದೇನು? ವ್ಯಾಸರ ಕಥೆ, ವ್ಯಾಸರ ಪಾತ್ರ. ಅದನ್ನು ಮುಚ್ಚಿಡಲೂ ಇಲ್ಲ, ಕುಮಾರವ್ಯಾಸ ಅಂತಲೇ ಹೆಸರಿಟ್ಟುಕೊಂಡ. ಹದಿನೆಂಟು ಪರ್ವಗಳಲ್ಲಿ ಹತ್ತನ್ನು ತನಗೆ ಬೇಕಾದ ಹಾಗೆ ಹೇಳಿ ನಿಲ್ಲಿಸಿದ. ನೀನು ಮೂಲ ಸರಣಿಯ ಹೆಸರು ಹೇಳಿ, ದುಡ್ಡಿಗೆ ಮಾರದೆ, ಇಷ್ಟಪಟ್ಟು ಬರೆಯುತ್ತಿದ್ದೀಯ ಅಂದರೆ ತಲೆ ತಗ್ಗಿಸುವಂಥದ್ದು ಅದರಲ್ಲಿ ಏನಿದೆ?

ಇನ್ನು ಮಾತಿನ ವಿಷಯ. ನೀನು ಬರೆಯೋ ಕಥೆಯಲ್ಲಿ ಯಾರನ್ನೂ ಪರಿಚಯ ಮಾಡಿಸಬೇಕಿಲ್ಲ. ಪಾತ್ರಗಳು ಓದುವವರಿಗೆ ಮೊದಲೇ ಗೊತ್ತು, ನೀನು ನೇರ ನಡುವಿನಿಂದಲೇ ಶುರು ಮಾಡಬಹುದು, ಅವರ ಸಿಟ್ಟು, ಅವರ ಗುಟ್ಟು ಎಲ್ಲ ತಯಾರಾಗಿರುತ್ತದೆ. ಹಾಸ್ಟೆಲ್‌ನಲ್ಲಿ ಹಾಗಲ್ಲ ಅಲ್ವಾ? ಇಲ್ಲಿ ಎಲ್ಲರದ್ದೂ ಮೊದಲ ಅಧ್ಯಾಯ. ಯಾರಿಗೆ ಯಾರ ಹಿಂದಿನ ಕಥೆಯೂ ಗೊತ್ತಿಲ್ಲ. ‘ನಿಮ್ಮೂರು ಯಾವುದು’, ‘ರೊಟ್ಟಿ ಮನೆಯಿಂದ ಬಂತಾ’ ಅನ್ನೋ ಸಪ್ಪೆ ಮಾತುಗಳನ್ನು ದಾಟಿಯೇ ಹೋಗಬೇಕು. ನಿನಗೆ ಮಾತು ಬರಲ್ಲ ಅಂತಲ್ಲ, ಈ ಸಪ್ಪೆ ಭಾಗ ನೀನು ಬರೆದೇ ಇಲ್ಲ, ಅಷ್ಟೇ. ಗುಂಪಿಗೆ ನುಗ್ಗು ಅಂತ ನಾನು ಹೇಳಲ್ಲ. ನಾಚಿಕೆ ಇರೋರನ್ನು ಸ್ಟೇಜ್ ಹತ್ತಿಸಿದರೆ ಸರಿಹೋಗ್ತಾರೆ ಅನ್ನೋದು ನನಗೆ ಒಪ್ಪಿಗೆಯಿಲ್ಲ. ದಿನಕ್ಕೆ ಒಬ್ಬರು, ಒಂದು ಪ್ರಶ್ನೆ, ಸಾಕು.

ಧಾರವಾಡದಲ್ಲಿ ಇದ್ದೀಯ ಅನ್ನೋದೂ ನಿನಗೆ ಅನುಕೂಲವೇ. 1890ರಲ್ಲಿ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಪುಸ್ತಕದ ಕಾರ್ಯಕ್ರಮ, ಭಾಷಣ ನಡೆಯುತ್ತಲೇ ಇರುತ್ತವೆ. ಒಂದು ಸಂಜೆ ಹೋಗಿ ಹಿಂದಿನ ಸಾಲಿನಲ್ಲಿ ಸುಮ್ನೆ ಕೂತು ಬಾ. ಅಲ್ಲಿ ಮಾತಾಡಲೇಬೇಕು ಅಂತ ಯಾರೂ ಹೇಳಲ್ಲ, ಓದುವವರ ನಡುವೆ ಕೂತು ರೂಢಿಯಾಗುತ್ತದೆ.

ರಾತ್ರಿ ನಿದ್ದೆಗೆಟ್ಟು ಬರೆಯೋದನ್ನು ಮಾತ್ರ ಕಡಿಮೆ ಮಾಡು. ಪರೀಕ್ಷೆ ಬಂದಾಗ ‘ಮುಂದಿನ ಕಂತು ತಡವಾಗುತ್ತದೆ’ ಅಂತ ಓದುಗರಿಗೆ ಒಂದು ಸಾಲು ಬರೆದರೆ ಯಾರೂ ಬಿಟ್ಟುಹೋಗಲ್ಲ. ಮತ್ತೆ, ಎಲ್ಲರೂ ಎದ್ದ ಮೇಲೆ ಊಟಕ್ಕೆ ಹೋಗ್ತೀನಿ ಅಂತ ಬರೆದದ್ದು ಓದಿ ನನಗೆ ಸಂಕಟವಾಯಿತು. ಊಟ ಸೇರದೆ, ನಿದ್ದೆ ಬಾರದೆ ವಾರಗಟ್ಟಲೆ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಿನ್ನ ರೂಮ್‌ಮೇಟ್ ಕೇಳಿದ್ದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ಅವಳು ಕೇಳಿದ್ದು ಜಗಳಕ್ಕಲ್ಲ ಅಂತ ನನಗನಿಸುತ್ತದೆ, ಎರಡು ತಿಂಗಳು ಪಕ್ಕದ ಮಂಚದಲ್ಲಿ ಮಲಗಿದವಳು ಮಾತಿಗೆ ದಾರಿ ಹುಡುಕಿದಳು. ಇವತ್ತು ಅವಳ ಜೊತೆಗೇ ಊಟಕ್ಕೆ ಹೋಗು. ‘ಮೆಸೇಜ್ ಅಲ್ಲ, ಕಥೆ ಬರೀತಿದ್ದೆ’ ಅಂತ ಅಷ್ಟು ಹೇಳು. ತೋರಿಸು ಅಂದರೆ ತೋರಿಸೋದು, ಬಿಡೋದು ನಿನಗೆ ಬಿಟ್ಟದ್ದು. ಏನಾಯಿತು ಅಂತ ನನಗೆ ಬರೆ.