198 ಕಮ್ಮಿನೋ 231 ಕಮ್ಮಿನೋ: ಎನ್‌ಎಫ್‌ಎಲ್ ಡಿಫೆನ್ಸ್ ಜಗಳಕ್ಕೆ ನನ್ನ ಲೆಕ್ಕ

ಸರ್, ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಬಗ್ಗೆ ನಿಮ್ಮ ಪೋಸ್ಟ್ ಓದಿದೆ. ಆಫೀಸಿನ ಷಿಕಾಗೋ ಸಹೋದ್ಯೋಗಿ "1985ರ ಬೇರ್ಸ್ ಇಡೀ ಸೀಸನ್‌ಗೆ ಬಿಟ್ಟುಕೊಟ್ಟಿದ್ದು 198 ಪಾಯಿಂಟ್, ನಿಮ್ಮ 2013ರ ಸೀಹಾಕ್ಸ್ 231, ಈಗಿನವರಿಗೆ ಡಿಫೆನ್ಸ್ ಆಡೋದೇ ಮರೆತುಹೋಗಿದೆ" ಅಂದ್ರು, ಏನು ಹೇಳಲಿ ಅಂತ ಕೇಳಿದ್ದೀರಿ. ಕೆಳಗೆ ಒಬ್ಬರು "ಯಾರ್ಡ್ ನೋಡಿ" (ಎದುರಾಳಿ ಎಷ್ಟು ದೂರ ಮುನ್ನುಗ್ಗಿದರು ಅಂತ) ಅಂದಿದ್ದಾರೆ, ಇನ್ನೊಬ್ಬರು "ಸ್ಯಾಕ್ ನೋಡಿ" (ಪಾಸ್ ಎಸೆಯೋ ಮುಂಚೆಯೇ ಎಸೆಯೋವನನ್ನ ಕೆಡವಿದ್ದು) ಅಂದಿದ್ದಾರೆ. ಎರಡಕ್ಕೂ ಆಮೇಲೆ ಬರ್ತೀನಿ. ಮೊದಲು ಕಾಲದ ವಿಷಯ.

ನಮಗೆಲ್ಲ ಗೊತ್ತಿರೋ ಕ್ರಿಕೆಟ್ಟಿನಿಂದಲೇ ಶುರು ಮಾಡೋಣ. ಜಾವಗಲ್ ಶ್ರೀನಾಥ್ ಅವರ ಏಕದಿನ ಎಕಾನಮಿ 4.44. ಈಗಿನ ವೇಗಿ 5ರ ಮೇಲೆ ಕೊಟ್ಟ ತಕ್ಷಣ ಶ್ರೀನಾಥ್‌ಗಿಂತ ಕಳಪೆ ಅಂತ ಯಾರಾದ್ರೂ ಅಂದ್ರೆ ನೀವೇ ಸುಮ್ಮನಿರಲ್ಲ. 2011ರ ಅಕ್ಟೋಬರ್‌ನಿಂದ ಎರಡೂ ತುದಿಗೆ ಒಂದೊಂದು ಹೊಸ ಚೆಂಡು ಬಂತು (2025ರಲ್ಲಿ ಈ ನಿಯಮ ಸ್ವಲ್ಪ ಬದಲಾಯ್ತು), ಚೆಂಡು ಹಳೇದಾಗೋದೇ ನಿಂತುಹೋಯ್ತು, ರಿವರ್ಸ್ ಸ್ವಿಂಗ್ ಕೈತಪ್ಪಿತು ಅಂತ ವಾದ ಮಾಡ್ತೀರಿ. ಫುಟ್‌ಬಾಲಲ್ಲೂ ಆಗಿದ್ದು ಅದೇ. ಆದರೆ ಅಲ್ಲಿ ಒಂದೇ ಸಲ ಆಗಲಿಲ್ಲ, ಐವತ್ತು ವರ್ಷದಿಂದ ಸ್ವಲ್ಪ ಸ್ವಲ್ಪವೇ ಆಗ್ತಾ ಬಂದಿದೆ.

ದೊಡ್ಡ ತಿರುವು 1978. ಅದಕ್ಕೆ ಕೆಲವು ವರ್ಷ ಮುಂಚಿನ ತನಕ ಕಾರ್ನರ್‌ಬ್ಯಾಕ್ (ಡಿಫೆನ್ಸ್‌ನ ಹಿಂದಿನ ಸಾಲಿನವನು) ಆದವನು ಚೆಂಡು ಗಾಳಿಗೆ ಬರೋ ತನಕ ರಿಸೀವರನ್ನ (ಪಾಸ್ ಹಿಡಿಯೋಕೆ ಓಡೋವನನ್ನ) ದಾರಿಯುದ್ದಕ್ಕೂ ತಳ್ಳಿಕೊಂಡು, ಗುದ್ದಿಕೊಂಡು ಹೋಗಬಹುದಿತ್ತು. ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಮೆಲ್ ಬ್ಲೌಂಟ್ ಅದರಲ್ಲಿ ಎಷ್ಟು ಪಳಗಿದ್ದರು ಅಂದ್ರೆ, ಐದು ಯಾರ್ಡ್ ದಾಟಿದ ಮೇಲೆ ಮುಟ್ಟಬಾರದು ಅನ್ನೋ ಹೊಸ ನಿಯಮಕ್ಕೆ ಜನ ಅವರ ಹೆಸರನ್ನೇ ಇಟ್ಟುಬಿಟ್ಟರು. ಅದೇ ವರ್ಷ ಆಫೆನ್ಸ್ ಲೈನ್‌ನವರಿಗೆ (ಪಾಸ್ ಎಸೆಯೋವನನ್ನ ಕಾಯೋ ಮುಂದಿನ ಸಾಲು) ಕೈ ಚಾಚಿ, ಅಂಗೈ ಬಿಚ್ಚಿ ತಡೆಯೋ ಅವಕಾಶ ಸಿಕ್ಕಿತು. ಅದರ ಹಿಂದಿನ ವರ್ಷವೇ ಹೆಡ್ ಸ್ಲ್ಯಾಪ್, ಅಂದ್ರೆ ಹೆಲ್ಮೆಟ್ ಮೇಲೆ ಫಟಾರನೆ ಬಾರಿಸಿ ನುಗ್ಗೋದು, ನಿಷೇಧ ಆಗಿತ್ತು. ಡಿಫೆನ್ಸ್‌ನ ಮುಂದಿನ ಸಾಲಿನ ಡೀಕನ್ ಜೋನ್ಸ್ ಅವರ ಅಸ್ತ್ರ ಅದು. ಹೀಗೆ ಎರಡೇ ವರ್ಷದಲ್ಲಿ ಡಿಫೆನ್ಸ್‌ನ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ ಕೈ ಕಟ್ಟಿ ಹಾಕಿದ ಹಾಗಾಯ್ತು. 1977ರಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ ಹೊಡೀತಿದ್ದದ್ದು 17.2 ಪಾಯಿಂಟ್, ಎಸೆದ ಪಾಸ್‌ಗಳಲ್ಲಿ ಕೈಸೇರ್ತಿದ್ದದ್ದು ಸುಮಾರು ಅರ್ಧ. ಈಗ ನೂರಕ್ಕೆ 65ರ ಹತ್ತಿರ ಇದೆ.

ಇನ್ನೊಂದು ಬಗೆಯ ಬದಲಾವಣೆ ಇದೆ, ಅದು ಲೆಕ್ಕ ಹಾಕೋರ ಕಣ್ಣಿಗೆ ಬೀಳಲ್ಲ. 2004ರ ಜನವರಿಯ ಎಎಫ್‌ಸಿ (ಲೀಗ್‌ನ ಎರಡು ಭಾಗಗಳಲ್ಲೊಂದು) ಫೈನಲ್‌ನಲ್ಲಿ ಪೇಟ್ರಿಯಟ್ಸ್‌ನವರು ಕೋಲ್ಟ್ಸ್ ರಿಸೀವರ್‌ಗಳನ್ನ ಎಳೆದಾಡಿದರು, ಟೈ ಲಾ ಒಬ್ಬರೇ ಕೋಲ್ಟ್ಸ್‌ಗೆ ಪಾಸ್ ಎಸೆಯೋ ಪೇಟನ್ ಮ್ಯಾನಿಂಗ್ ಅವರ ಮೂರು ಪಾಸ್ ಕಿತ್ತುಕೊಂಡರು. ಗಲಾಟೆ ಆಯ್ತು. ಮುಂದಿನ ಸೀಸನ್‌ಗೆ ಹೊಸ ನಿಯಮವೇನೂ ಬರಲಿಲ್ಲ, ಇದ್ದ ಐದು ಯಾರ್ಡ್ ನಿಯಮವನ್ನೇ ಬಿಗಿಯಾಗಿ ಹಿಡೀರಿ ಅಂತ ರೆಫರಿಗಳಿಗೆ ಹೇಳಿದರು, ಅಷ್ಟೇ. ಆ ವರ್ಷ ಮ್ಯಾನಿಂಗ್ 49 ಟಚ್‌ಡೌನ್ (ಗೋಲಿನಂಥದ್ದು) ಎಸೆದು ಡ್ಯಾನ್ ಮರೀನೋ ಅವರ 48ರ ದಾಖಲೆ ಮುರಿದರು. ಮ್ಯಾನಿಂಗ್ ದೊಡ್ಡ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ 49ರಲ್ಲಿ ತಪ್ಪು ಕಂಡಾಗ ರೆಫರಿ ಎಸೆಯೋ ಹಳದಿ ಬಟ್ಟೆಗೂ (ಫ್ಲಾಗ್) ಪಾಲಿದೆ. ಸೀಹಾಕ್ಸ್ ಸೂಪರ್ ಬೌಲ್ (ಸೀಸನ್‌ನ ಕೊನೇ ಫೈನಲ್) ಗೆದ್ದ ಮೇಲೆ, 2014ರಲ್ಲಿ, ಇದೇ ಕಥೆ ಮತ್ತೆ ನಡೀತು. ಪ್ರತಿ ಆಟದಲ್ಲೂ ಹಿಡಿದರೆ ಪ್ರತಿ ಸಲವೂ ಫ್ಲಾಗ್ ಬೀಳಲ್ಲ ಅನ್ನೋ ಲೆಕ್ಕಾಚಾರದಲ್ಲೇ ಅವರು ಆಡ್ತಿದ್ದದ್ದು ಅನ್ನೋದು ನನ್ನ ಅನಿಸಿಕೆ.

ಈಗ ನಿಮ್ಮ ಕೆಲಸ. ಒಂದು ಹಾಳೆ ತಗೊಳ್ಳಿ. ಕೊಟ್ಟ ಪಾಯಿಂಟನ್ನ ಪಂದ್ಯದ ಸಂಖ್ಯೆಯಿಂದ ಭಾಗಿಸಿ (1977ರ ತನಕ 14 ಪಂದ್ಯ, ಆಮೇಲೆ 16, 2021ರಿಂದ 17, ಇದನ್ನ ಮರೆತು ಒಟ್ಟು ಮೊತ್ತ ಹೋಲಿಸೋರೇ ಜಾಸ್ತಿ). ಬಂದದ್ದನ್ನ ಆ ವರ್ಷದ ಲೀಗ್ ಸರಾಸರಿಯಿಂದ ಭಾಗಿಸಿ. ಬೇರ್ಸ್ 12.4 ಕೊಟ್ಟರು, 1985ರ ಸರಾಸರಿ 21.5, ಅಂದ್ರೆ ನೂರಕ್ಕೆ 58. ಸೀಹಾಕ್ಸ್ 14.4, ಸರಾಸರಿ 23.4, ಅಂದ್ರೆ 62. ಬೇಜಾರು ಮಾಡ್ಕೋಬೇಡಿ, ಬೇರ್ಸೇ ಮುಂದೆ. ಆದರೆ 33 ಪಾಯಿಂಟ್ ಅಂತ ಬೆಟ್ಟದಷ್ಟು ಕಂಡ ಅಂತರ ಅರ್ಧಕ್ಕಿಂತ ಕಡಿಮೆ ಆಯ್ತು ನೋಡಿ. ಜೊತೆಗೆ ಆ ಸೀಹಾಕ್ಸ್ ಸೂಪರ್ ಬೌಲ್‌ನಲ್ಲಿ ಕಟ್ಟಿಹಾಕಿದ್ದು ಸೀಸನ್‌ನಲ್ಲಿ 606 ಪಾಯಿಂಟ್ ಹೊಡೆದ ಬ್ರಾಂಕೋಸ್‌ನ. ಕೊಟ್ಟದ್ದು 8.

ಇದೇ ಲೆಕ್ಕದಲ್ಲಿ 2000ದ ಬಾಲ್ಟಿಮೋರ್ ರೇವನ್ಸ್ (16 ಪಂದ್ಯಕ್ಕೆ 165, ಸರಾಸರಿ 20.7) 50ಕ್ಕೆ ಬರ್ತಾರೆ. ನನ್ನ ಮಟ್ಟಿಗೆ ಅವರೇ ಮೊದಲು. ಅವರಿಗೆ ಹತ್ತಿರದಲ್ಲೇ, 54ರಲ್ಲಿ, ಯಾರಿದ್ದಾರೆ ಗೊತ್ತಾ? 1977ರ ಅಟ್ಲಾಂಟಾ ಫಾಲ್ಕನ್ಸ್. 14 ಪಂದ್ಯಕ್ಕೆ ಬರೀ 129 ಪಾಯಿಂಟ್ ಕೊಟ್ಟವರು. ಆಫೆನ್ಸ್ ಕೈಕೊಟ್ಟು 7 ಗೆಲುವು 7 ಸೋಲಿಗೆ ನಿಂತರು, ಪ್ಲೇಆಫ್ ಕೂಡ ಸಿಗಲಿಲ್ಲ, ಹಾಗಾಗಿ ಅವರ ಹೆಸರು ಯಾರ ಬಾಯಲ್ಲೂ ಇಲ್ಲ. ಕಪ್ ಗೆದ್ದ ಡಿಫೆನ್ಸ್ ಮಾತ್ರ ನಮಗೆ ನೆನಪಲ್ಲಿ ಉಳಿಯೋದು.

ಪಾಯಿಂಟ್ ಲೆಕ್ಕದಲ್ಲೂ ಹುಳುಕಿದೆ. ಆ ರೇವನ್ಸ್ ಸೂಪರ್ ಬೌಲ್ ಗೆದ್ದದ್ದು 34-7ರಲ್ಲಿ. ಜೈಂಟ್ಸ್‌ಗೆ ಬಂದ 7 ಕಿಕಾಫ್ ರಿಟರ್ನ್‌ನಿಂದ (ಎದುರಾಳಿ ಒದ್ದು ಕಳಿಸಿದ ಚೆಂಡು ಹಿಡಿದು ಓಡಿದ್ದು), ಡಿಫೆನ್ಸ್ ಆಗ ಮೈದಾನದಲ್ಲೇ ಇರಲಿಲ್ಲ. ಖಾತೆಗೆ ಮಾತ್ರ 7 ಬಿತ್ತು. ಬೇರ್ಸ್‌ನ 198ರಲ್ಲಿ 38 ಮಯಾಮಿ ಎದುರು ಒಂದೇ ರಾತ್ರಿ ಹೋದದ್ದು, ಉಳಿದ 15 ಪಂದ್ಯಕ್ಕೆ 160. 1976ರ ಸ್ಟೀಲರ್ಸ್ ಕೊನೆಯ ಒಂಬತ್ತು ಪಂದ್ಯದಲ್ಲಿ ಬರೀ 28 ಪಾಯಿಂಟ್ ಕೊಟ್ಟರು, ಕೇಳೋಕೆ ಮೈ ಜುಮ್ ಅನ್ನುತ್ತೆ. ಆದರೆ ಅದರಲ್ಲೊಂದು ಆ ವರ್ಷ ಒಂದೂ ಪಂದ್ಯ ಗೆಲ್ಲದ ಟ್ಯಾಂಪಾ ಬೇ ಎದುರು. ಎದುರಾಳಿ ಯಾರು ಅನ್ನೋದನ್ನೂ ಸೇರಿಸಿ ಅಳೆಯೋಕೆ ಡಿವಿಒಎ ಥರದ ಅಂಕಿಗಳು ಬಂದದ್ದು ಇದಕ್ಕೇ. ಪುರುಸೊತ್ತಿದ್ರೆ ನೋಡಿ, ಊಟದ ಮೇಜಿನ ಜಗಳಕ್ಕೆ ಅಷ್ಟು ಬೇಡ.

ಯಾರ್ಡ್ ಅಂದವರಿಗೆ: ಲೀಗ್ "ನಂಬರ್ ಒನ್ ಡಿಫೆನ್ಸ್" ಅಂತ ಅಧಿಕೃತವಾಗಿ ಕರೆಯೋದು ಕಡಿಮೆ ಯಾರ್ಡ್ ಕೊಟ್ಟವರನ್ನ, ನಿಜ. ಆ ಪ್ರಕಾರ 2000ದಲ್ಲಿ ಮೊದಲು ಬಂದದ್ದು ರೇವನ್ಸ್ ಅಲ್ಲ, ಟೆನೆಸ್ಸಿ ಟೈಟನ್ಸ್! ಮೂರು ಟಚ್‌ಡೌನ್ ಮುಂದಿರೋ ತಂಡ ಕೊನೇ ಕಾಲುಭಾಗದಲ್ಲಿ ಬೇಕಂತಲೇ ಸಣ್ಣ ಪಾಸ್ ಬಿಟ್ಟುಕೊಟ್ಟು ಗಡಿಯಾರ ಓಡಿಸುತ್ತೆ. ಆ ಯಾರ್ಡೂ ಲೆಕ್ಕಕ್ಕೆ ಸೇರುತ್ತೆ.

ಸ್ಯಾಕ್ ಅಂದವರಿಗೆ: 1982ಕ್ಕೆ ಮುಂಚೆ ಲೀಗ್ ಅದನ್ನ ಒಬ್ಬೊಬ್ಬ ಆಟಗಾರನ ಹೆಸರಿಗೆ ಅಧಿಕೃತವಾಗಿ ಎಣಿಸ್ತಾನೇ ಇರಲಿಲ್ಲ. ಆ ಪದಕ್ಕೆ ಹೆಸರುವಾಸಿಯಾದ ಡೀಕನ್ ಜೋನ್ಸ್ ಅವರ ಅಧಿಕೃತ ಖಾತೆಯಲ್ಲೇ ಒಂದು ಸ್ಯಾಕೂ ಇಲ್ಲ! ಅಲ್ಲದೆ ಈಗ ಪಾಸ್ ಜಾಸ್ತಿ, ಅವಕಾಶವೂ ಜಾಸ್ತಿ. ನೂರು ಪಾಸ್ ಯತ್ನಕ್ಕೆ ಎಷ್ಟು ಸ್ಯಾಕ್ ಅಂತ ನೋಡಿ.

ಬೇರ್ಸ್ ಪರ ಒಂದು ಮಾತು ನಾನೇ ಹೇಳ್ತೀನಿ, ನಿಮ್ಮ ಸಹೋದ್ಯೋಗಿಯೇ ಎತ್ತೋ ಮುಂಚೆ ತಯಾರಾಗಿರಿ. 1985 ಅಂದ್ರೆ 1978ರ ನಿಯಮಗಳು ಬಂದು ಏಳು ವರ್ಷ ಆಗಿತ್ತು. ಎದುರಾಳಿಗೆ ಪಾಸ್ ಸಲೀಸಾಗಿದ್ದ ಕಾಲದಲ್ಲೇ ಬೇರ್ಸ್‌ನ ಡಿಫೆನ್ಸ್ ಕೋಚ್ ಬಡ್ಡಿ ರಯಾನ್ ತಮ್ಮ "46 ಡಿಫೆನ್ಸ್" ಅನ್ನೋ ವ್ಯೂಹದಲ್ಲಿ ಲೈನಿಗೆ ಜನ ತುಂಬಿ, ಚೆಂಡು ಎಸೆಯೋಕೇ ಸಮಯ ಕೊಡದ ಹಾಗೆ ಮಾಡಿದರು. ಸೂಪರ್ ಬೌಲ್‌ಗೆ ಮುಂಚಿನ ಎರಡು ಪ್ಲೇಆಫ್ ಪಂದ್ಯದಲ್ಲಿ ಎದುರಾಳಿಗೆ ಸೊನ್ನೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಒಪ್ಪಿಕೊಂಡು ಕಾಫಿ ಕುಡೀರಿ.

ಅವರೇನಾದ್ರೂ ಅಲ್ಲಿಗೆ ನಿಲ್ಲಿಸದೆ 1963ರ ಬೇರ್ಸ್ ತಂದ್ರೆ, 14 ಪಂದ್ಯಕ್ಕೆ 144 ಪಾಯಿಂಟ್ ಅಂತ ಗುನುಗ್ತಾರೆ. ಗಾಬರಿ ಬೇಡ, ಆ ವರ್ಷದ ಲೀಗ್ ಸರಾಸರಿ ಹುಡುಕಿ ಹಾಳೆ ಮೇಲೆ ಬರೆದಿಟ್ಟುಕೊಂಡು ಹೋಗಿ.