ಹರಾಜಿನ ಮಿಲಿಟರಿ ಲಾರಿ: ಟನ್ ಲೆಕ್ಕ, ಲೈಸೆನ್ಸ್, ಆರ್‌ಸಿ

ಸರ್, ಹರಾಜಿಗೆ ಬಂದಿರುವ ಎರಡೂವರೆ ಟನ್ನಿನ ಮಿಲಿಟರಿ ಲಾರಿ ಟಾಟಾ ಎಲ್‌ಪಿಟಿಎ 713 ತೋಟಕ್ಕೆ ಆಗುತ್ತಾ, ಕಾರ್ ಲೈಸೆನ್ಸ್‌ನಲ್ಲಿ ಓಡಿಸಬಹುದಾ, ಎಷ್ಟು ಲೋಡ್ ಹಾಕಬಹುದು ಅಂತ ಕೇಳಿದ್ದೀರಿ. ಗಾಡಿ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಫೋರ್ ವೀಲ್ ಹಾಕಿಕೊಂಡು ಏರು ಹತ್ತುವ ಲಾರಿ ಬೇಕು ಅನ್ನುವವರಿಗೆ ಇದು ಒಳ್ಳೆಯ ಆಯ್ಕೆಯೇ. ಆದರೆ ದುಡ್ಡು ಕಟ್ಟುವ ಮುಂಚೆ ಕಾಗದ ನೋಡಿ.

ಮೊದಲು ಟನ್ ವಿಷಯ. ಸೇನೆಯವರು ಹೇಳುವ ಟನ್ ಗಾಡಿ ಹೊರುವ ಸಾಮಾನಿನ ತೂಕ. ಸೇನೆಯ ಇನ್ನೊಂದು ಲಾರಿ ಅಶೋಕ್ ಲೇಲ್ಯಾಂಡ್ ಸ್ಟ್ಯಾಲಿಯನ್ನನ್ನು 5/7.5 ಟನ್ ಅಂತ ಕರೆಯುತ್ತಾರೆ. ಅಂದರೆ ರಸ್ತೆ ಇಲ್ಲದ ನೆಲದಲ್ಲಿ ಐದು, ಒಳ್ಳೆಯ ರಸ್ತೆಯಲ್ಲಿ ಏಳೂವರೆ. ಆರ್‌ಟಿಒ ನೋಡುವುದು ಇದನ್ನಲ್ಲ. ಖಾಲಿ ಗಾಡಿ, ಲೋಡ್ ಎರಡೂ ಸೇರಿದ ಒಟ್ಟು ತೂಕವನ್ನು, ಅಂದರೆ ಜಿವಿಡಬ್ಲ್ಯೂ. ಲೈಟ್ ಮೋಟಾರ್ ವೆಹಿಕಲ್‌ನ, ಅಂದರೆ ಕಾರ್ ಲೈಸೆನ್ಸ್‌ನಲ್ಲಿ ಓಡಿಸಬಹುದಾದ ಹಗುರ ಗಾಡಿಯ, 7,500 ಕೆಜಿ ಮಿತಿ ಲಾರಿಗೆ ಅನ್ವಯಿಸುವುದು ಈ ಒಟ್ಟು ತೂಕಕ್ಕೆ. ಏಳೂವರೆ ಟನ್ ಲಾರಿ, ಏಳೂವರೆ ಟನ್ ಮಿತಿ, ಸರಿಹೋಯಿತಲ್ವಾ ಅಂದುಕೊಂಡರೆ ಕೆಟ್ಟಿರಿ. ಸ್ಟ್ಯಾಲಿಯನ್ ಆ ಮಿತಿಯನ್ನು ಎಷ್ಟೋ ದೂರ ದಾಟಿರುತ್ತದೆ.

ನಿಮ್ಮ 713 ಆ ಗೆರೆಯ ಆಸುಪಾಸಿನ ಗಾಡಿ. ಹೆಸರಿನಲ್ಲಿರುವ 7 ನೋಡಿ ತೀರ್ಮಾನ ಮಾಡಬೇಡಿ. ಕಂಪನಿಯ ಪ್ಲೇಟ್‌ನಲ್ಲಿ ಕೊರೆದಿರುವ ಅಂಕಿ ನೋಡಿ, ಆರ್‌ಸಿಯಲ್ಲಿ ಏನು ಬರೆಯುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. 7,500 ಒಳಗೆ ಬಂದರೆ ಕಾರ್ ಲೈಸೆನ್ಸ್ ಸಾಕು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಇದನ್ನು ಸ್ಪಷ್ಟ ಮಾಡಿದೆ. ಒಂದು ಕೆಜಿ ಮೇಲೆ ಹೋದರೂ ದೊಡ್ಡ ಗಾಡಿಯ ಲೈಸೆನ್ಸ್ ಇರುವವರೇ ಸ್ಟೇರಿಂಗ್ ಹಿಡಿಯಬೇಕು.

ಗಾಡಿ ಕೈಗೆ ಬಂದ ದಿನವೇ ಲಾರಿ ತೂಗುವ ವೇ ಬ್ರಿಡ್ಜ್‌ಗೆ ಒಯ್ಯಿರಿ. ಡೀಸೆಲ್ ತುಂಬಿಸಿ, ಸ್ಟೆಪ್ನಿ, ಹಗ್ಗ, ಟಾರ್ಪಾಲ್ ಎಲ್ಲ ಇರಲಿ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಆಮೇಲೆ ಇಡೀ ಗಾಡಿಗೆ ಒಂದು ಚೀಟಿ. ಆರ್‌ಸಿಯ ಒಟ್ಟು ತೂಕದಲ್ಲಿ ಎರಡನೇ ಚೀಟಿಯ ಅಂಕಿ ಕಳೆಯಿರಿ. ಉಳಿದಿದ್ದೇ ನಿಮ್ಮ ಲೋಡ್. ಮೊದಲ ಚೀಟಿ ಆಕ್ಸಲ್ ಲೆಕ್ಕಕ್ಕೆ, ಅಂದರೆ ಮುಂದಿನ, ಹಿಂದಿನ ಚಕ್ರಗಳ ಅಚ್ಚಿನ ಮೇಲೆ ಎಷ್ಟೆಷ್ಟು ಭಾರ ಬೀಳುತ್ತದೆ ಅಂತ ನೋಡಲು ಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಊರಿನ ಲಾರಿಗೆ ಹಿಂದೆ ಜೋಡಿ ಟೈರ್ ಇರುತ್ತದೆ. ಸ್ಟ್ಯಾಲಿಯನ್‌ನಂಥ ಗಾಡಿಗೆ ಹಿಂದೆಯೂ ಒಂಟಿ ಟೈರ್. 2018ರಲ್ಲಿ ನಾಲ್ಕು ಟೈರಿನ ಆಕ್ಸಲ್ ಮಿತಿಯನ್ನು 10.2 ಟನ್ನಿನಿಂದ 11.5ಕ್ಕೆ ಏರಿಸಿದ್ದನ್ನು ಕೇಳಿ, ನಮಗೂ ಅಷ್ಟೇ ಅಂತ ಮರದ ದಿಮ್ಮಿ ಹೇರಬೇಡಿ. ಎರಡೇ ಟೈರ್ ಇರುವ ಆಕ್ಸಲ್‌ಗೆ ಮಿತಿ ತುಂಬಾ ಕಡಿಮೆ. ಓವರ್‌ಲೋಡ್‌ಗೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000.

ಇನ್ನು ಕಾಗದ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಸೇನೆಯ ಗಾಡಿಗೆ ಬಾಣದ ಗುರುತಿನ ನಂಬರ್ ಇರುತ್ತದೆ, ನಮ್ಮ ಆರ್‌ಟಿಒದಲ್ಲಿ ನೋಂದಣಿ ಇರುವುದಿಲ್ಲ. ಸರ್ಕಾರದ ಕೈ ಬಿಟ್ಟ ಕೂಡಲೇ ಎಲ್ಲ ಗಾಡಿಗಳ ಹಾಗೆ ನೋಂದಣಿ ಮಾಡಿಸಲೇಬೇಕು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 60ನೇ ಸೆಕ್ಷನ್. ಅದಕ್ಕೆ ಸೇನೆಯ ಸಂಬಂಧಪಟ್ಟ ಕಚೇರಿ ಕೊಟ್ಟ ಮೂಲ ಮಾರಾಟ ಪತ್ರ, ಫಾರಂ 21, ಬೇಕು. ಜೆರಾಕ್ಸ್ ನಡೆಯುವುದಿಲ್ಲ. ಹರಾಜಿನ ಪಟ್ಟಿಯಲ್ಲಿ ನಿಮ್ಮ ಲಾಟ್ (ಹರಾಜಿಗೆ ಇಟ್ಟ ಬಾಬ್ತು) ಎದುರು ಗಾಡಿ ಅಂತಿದೆಯೋ ಸ್ಕ್ರ್ಯಾಪ್ ಅಂತಿದೆಯೋ ಓದಿ. ಸ್ಕ್ರ್ಯಾಪ್ ಅಂತಿದ್ದರೆ ಆರ್‌ಸಿ ಆಸೆ ಬಿಡಿ, ಎಷ್ಟೇ ಅಗ್ಗವಾದರೂ. ಕೈ ಬದಲಾಗಿ ಬಂದ ಗಾಡಿಯಾದರೆ ಚಾಸಿಸ್ ನಂಬರನ್ನು ಪತ್ರದ ಜೊತೆ ನೀವೇ ಒಂದೊಂದೇ ಅಂಕಿ ತಾಳೆ ನೋಡಿ.

ಗೇಟಿನ ಒಳಗೇ ಓಡಿಸುತ್ತೇನೆ ಅಂದರೆ ಅದು ಬೇರೆ ಮಾತು. ಆದರೆ ಎರಡು ತೋಟದ ನಡುವೆ ಪಂಚಾಯಿತಿ ರಸ್ತೆ ದಾಟಿದರೂ ಅದು ಸಾರ್ವಜನಿಕ ಜಾಗವೇ, ನೋಂದಣಿ, ಇನ್ಶೂರೆನ್ಸ್ ಎರಡೂ ಬೇಕು. ನನ್ನ ಕಾಫಿ ನನ್ನ ಗಾಡಿಯಲ್ಲಿ, ಪರ್ಮಿಟ್ ಯಾಕೆ ಅಂತ ಕೆಲವರು ಕೇಳುತ್ತಾರೆ. ಒಟ್ಟು ತೂಕ 3,000 ಕೆಜಿ ದಾಟಿದ ಸರಕು ಗಾಡಿಗೆ ಪರ್ಮಿಟ್ ಬೇಕು, ಸರಕು ಯಾರದ್ದೇ ಇರಲಿ.

ಪೇಂಟ್ ಖರ್ಚನ್ನೂ ಲೆಕ್ಕಕ್ಕೆ ಹಾಕಿಕೊಳ್ಳಿ. ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ, ಕೇಂದ್ರ ಮೋಟಾರು ವಾಹನ ನಿಯಮ 121ರಲ್ಲೇ ಹಾಗಿದೆ. ಚಂದ ಕಾಣುತ್ತೆ ಅಂತ ಹಾಗೇ ಬಿಡಬೇಡಿ.

ಲಾಟ್ ಪಟ್ಟಿ ಮತ್ತು ಪ್ಲೇಟ್‌ನ ಫೋಟೋ ಇದ್ದರೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.