ವಿಪಿಎನ್ ಜೋಡಣೆಯಾದರೂ ಜರ್ನಲ್ ತೆರೆಯುತ್ತಿಲ್ಲವೇಕೆ?

ಪ್ರಶ್ನೆ: ಮಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿರುವ ನಾನು ಪ್ರಬಂಧ ಬರೆಯಲೆಂದು ಉಡುಪಿಯ ಮನೆಗೆ ಬಂದಿದ್ದೇನೆ. ವಿಶ್ವವಿದ್ಯಾಲಯದವರು ಕೊಟ್ಟ ಸೂಚನೆಯಂತೆ ವಿಂಡೋಸ್ 11 ಲ್ಯಾಪ್‌ಟಾಪಿನಲ್ಲಿಯೇ ಇರುವ ವಿಪಿಎನ್ (ಬೇರೊಂದು ಜಾಲದ ಮೂಲಕ ಇಂಟರ್ನೆಟ್‌ಗೆ ಹೋಗುವ ಸುರಕ್ಷಿತ ದಾರಿ) ಸೌಲಭ್ಯವನ್ನು ಹೊಂದಿಸಿದೆ. ‘ಕನೆಕ್ಟೆಡ್’ ಎಂದೂ ತೋರಿಸುತ್ತದೆ. ಆದರೆ ಕ್ಯಾಂಪಸ್ಸಿನಲ್ಲಿ ತೆರೆಯುತ್ತಿದ್ದ ಜರ್ನಲ್‌ಗಳು ಇಲ್ಲಿ ಹಣ ಕೇಳುತ್ತಿವೆ. ಉಚಿತ ವಿಪಿಎನ್ ಆ್ಯಪ್ ಹಾಕಿಕೊಳ್ಳುವಂತೆ ಗೆಳತಿ ಹೇಳುತ್ತಾಳೆ. ಹಾಗೆ ಮಾಡಬಹುದೇ?
– ಸಂಶೋಧನಾ ವಿದ್ಯಾರ್ಥಿನಿ, ಉಡುಪಿ

ಉತ್ತರ: ಉಚಿತ ಆ್ಯಪ್ ದಯವಿಟ್ಟು ಬೇಡ. ಪ್ರಕಾಶಕರ ಜಾಲತಾಣವು ನಿಮ್ಮನ್ನು ಹೆಸರಿನಿಂದ ಗುರುತಿಸುವುದಿಲ್ಲ; ನಿಮ್ಮ ಕೋರಿಕೆ ಯಾವ ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆಯಿಂದ) ಬಂದಿದೆ ಎಂಬುದನ್ನು ನೋಡಿ, ಅದು ಚಂದಾ ಕಟ್ಟಿದ ವಿಶ್ವವಿದ್ಯಾಲಯದ್ದಾಗಿದ್ದರೆ ಮಾತ್ರ ಲೇಖನವನ್ನು ತೆರೆಯುತ್ತದೆ. ಉಚಿತ ಆ್ಯಪ್ ಕೊಡುವುದು ಬೇರೆ ಯಾವುದೋ ಊರಿನ ವಿಳಾಸವನ್ನು. ಅದರಿಂದ ಜರ್ನಲ್ ತೆರೆಯುವುದಿಲ್ಲ. ಜೊತೆಗೆ ನಿಮ್ಮ ಇಂಟರ್ನೆಟ್ ಬಳಕೆಯೆಲ್ಲ ಪರಿಚಯವಿಲ್ಲದವರ ಸರ್ವರ್ ಮೂಲಕ ಹಾದುಹೋಗುತ್ತದೆ.

ನೀವು ಬರೆದಿರುವುದನ್ನು ಓದಿದರೆ ನಿಮ್ಮ ಪಾಸ್‌ವರ್ಡ್ ಆಗಲಿ, ಸರ್ವರ್ ವಿಳಾಸವಾಗಲಿ ತಪ್ಪಿಲ್ಲ. ತಪ್ಪಿದ್ದರೆ ಜೋಡಣೆಯೇ ಆಗುತ್ತಿರಲಿಲ್ಲ. ಸೇತುವೆ ಸಿದ್ಧವಾಗಿದೆ, ಗಾಡಿ ಮಾತ್ರ ಹಳೆಯ ರಸ್ತೆಯಲ್ಲೇ ಹೋಗುತ್ತಿದೆ ಎಂದೇ ನನ್ನ ಊಹೆ. ಕ್ಯಾಂಪಸ್ಸಿನ ಒಳಗಿನ ಸರ್ವರ್‌ಗಳಿಗೆ ಹೋಗುವ ಸಂಚಾರವನ್ನಷ್ಟೇ ವಿಪಿಎನ್ ಸುರಂಗದೊಳಗೆ ಕಳುಹಿಸಿ, ಉಳಿದದ್ದನ್ನು ಮನೆಯ ಸಂಪರ್ಕದಲ್ಲೇ ಬಿಡುವ ಈ ವ್ಯವಸ್ಥೆಗೆ ಸ್ಪ್ಲಿಟ್ ಟನೆಲಿಂಗ್ ಎನ್ನುತ್ತಾರೆ. ಪ್ರಕಾಶಕರ ಸರ್ವರ್ ಕ್ಯಾಂಪಸ್ಸಿನ ಹೊರಗಿರುವುದರಿಂದ ಅದಕ್ಕೆ ಕಾಣಿಸುವುದು ನಿಮ್ಮ ಉಡುಪಿಯ ಮನೆಯ ವಿಳಾಸವೇ.

ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ಐಪಿ ವಿಳಾಸ ತೋರಿಸುವ ಯಾವುದಾದರೂ ಜಾಲತಾಣವನ್ನು ವಿಪಿಎನ್ ಜೋಡಿಸುವ ಮೊದಲೊಮ್ಮೆ, ಜೋಡಿಸಿದ ನಂತರ ಇನ್ನೊಮ್ಮೆ ತೆರೆಯಿರಿ. ಎರಡು ಸಲವೂ ಅದೇ ಸಂಖ್ಯೆ ಬಂದರೆ ಊಹೆ ಸರಿ. ಆಗ ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೆಟ್‌ವರ್ಕ್ ಕನೆಕ್ಷನ್ಸ್ ತೆರೆದು, ನಿಮ್ಮ ವಿಪಿಎನ್ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ಗೆ ಹೋಗಿ. ಅಲ್ಲಿ ನೆಟ್‌ವರ್ಕಿಂಗ್ ವಿಭಾಗದ ‘ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4’ರ ಪ್ರಾಪರ್ಟೀಸ್, ಅದರೊಳಗೆ ಅಡ್ವಾನ್ಸ್ಡ್ ಎಂದು ಮುಂದುವರಿದರೆ ‘ಯೂಸ್ ಡೀಫಾಲ್ಟ್ ಗೇಟ್‌ವೇ ಆನ್ ರಿಮೋಟ್ ನೆಟ್‌ವರ್ಕ್’ ಎಂಬ ಚೌಕ ಸಿಗುತ್ತದೆ. ಅದು ಖಾಲಿ ಇದ್ದರೆ ಗುರುತು ಹಾಕಿ, ವಿಪಿಎನ್ ಕಡಿದು ಮತ್ತೆ ಜೋಡಿಸಿ. ಜರ್ನಲ್ ಪುಟವನ್ನು ಬ್ರೌಸರಿನ ಖಾಸಗಿ ಕಿಟಕಿಯಲ್ಲಿಯೇ ತೆರೆಯಿರಿ, ಏಕೆಂದರೆ ಹಳೆಯ ಕುಕೀಗಳು ನಿಮ್ಮನ್ನು ಇನ್ನೂ ಹೊರಗಿನವರೆಂದೇ ಪರಿಗಣಿಸುವ ಸಾಧ್ಯತೆಯಿದೆ. ಕೆಲಸ ಮುಗಿದ ಕೂಡಲೇ ವಿಪಿಎನ್ ಕಡಿಯುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಮನೆಯವರು ಅದೇ ಲ್ಯಾಪ್‌ಟಾಪಿನಲ್ಲಿ ನೋಡುವ ವೀಡಿಯೊ ಕೂಡ ವಿಶ್ವವಿದ್ಯಾಲಯದ ಮೂಲಕವೇ ಬರುತ್ತದೆ.

ಗುರುತು ಮೊದಲೇ ಇದ್ದರೆ ಇನ್ನೆರಡು ಕಾರಣಗಳನ್ನು ನೋಡಬೇಕು. ಮನೆಯ ಸಂಪರ್ಕದಲ್ಲಿ ಐಪಿವಿ6 ಎಂಬ ಹೊಸ ಬಗೆಯ ಐಪಿ ವಿಳಾಸವೂ ಇದ್ದು, ವಿಪಿಎನ್ ಹಳೆಯ ಬಗೆಯ ಐಪಿವಿ4 ಸಂಚಾರವನ್ನಷ್ಟೇ ಒಯ್ಯುತ್ತಿದ್ದರೆ ಪ್ರಕಾಶಕರಿಗೆ ಆಗಲೂ ಮನೆಯ ವಿಳಾಸವೇ ಕಾಣಬಹುದು. ಮನೆಯ ರೌಟರ್ ಮತ್ತು ಕ್ಯಾಂಪಸ್ಸಿನ ಜಾಲ ಎರಡೂ 192.168.1 ಎಂದು ಆರಂಭವಾಗುವ ಒಳವಿಳಾಸಗಳನ್ನೇ ಬಳಸುತ್ತಿದ್ದರೂ ದಾರಿ ಗೊಂದಲವಾಗುತ್ತದೆ. ಮೊಬೈಲಿನ ಹಾಟ್‌ಸ್ಪಾಟ್‌ನಿಂದ ಒಮ್ಮೆ ಜೋಡಿಸಿ ನೋಡಿ. ಅಲ್ಲಿ ಸರಿಯಾದರೆ ತೊಂದರೆ ಮನೆಯ ಸಂಪರ್ಕದ ಕಡೆಗಿದೆ.

ಇಷ್ಟಾದರೂ ಆಗದಿದ್ದರೆ, ಹೊರಗಿನ ಸಂಚಾರವನ್ನು ವಿಪಿಎನ್ ಮೂಲಕ ಬಿಡದಂತೆ ವಿಶ್ವವಿದ್ಯಾಲಯವೇ ನಿಯಮ ಮಾಡಿರಬಹುದು. ಅದನ್ನು ನಿಮ್ಮ ಲ್ಯಾಪ್‌ಟಾಪಿನಿಂದ ಬದಲಿಸಲಾಗದು. ಆಗ ಗ್ರಂಥಾಲಯದವರಲ್ಲಿ ಇನ್‌ಫೆಡ್ ಬಗ್ಗೆ ಕೇಳಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ವ್ಯವಸ್ಥೆಯಲ್ಲಿ ಸಂಸ್ಥೆಯ ಲಾಗಿನ್ ಬಳಸಿ ವಿಪಿಎನ್ ಇಲ್ಲದೆಯೂ ಜರ್ನಲ್ ತೆರೆಯಬಹುದು. ನಿಮ್ಮದು ಸರ್ಕಾರಿ ವಿಶ್ವವಿದ್ಯಾಲಯವಾಗಿದ್ದರೆ, 2025ರ ಜನವರಿ 1ರಂದು ಆರಂಭವಾದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಲ್ಲಿ ನಿಮಗೆ ಬೇಕಾದ ಜರ್ನಲ್ ಇದೆಯೇ ಎಂಬುದನ್ನೂ ಅವರಿಂದಲೇ ತಿಳಿದುಕೊಳ್ಳಿ.